ಟ್ಯಾಪೆಟ್ ಸದ್ದು, ಮತ್ತೆ ನಾನು ಹಾಕಿದ್ದ ಆ ಪೋಸ್ಟು

ಈ ಪುಟದಲ್ಲಿ ಸಾಮಾನ್ಯವಾಗಿ ಶುಂಠಿ, ಅಡಿಕೆ, ಮೆಕ್ಕೆಜೋಳದ ಬಗ್ಗೆ ಬರೀತೀನಿ. ಇವತ್ತು ಬೈಕಿನ ಹೆಡ್ ಕೆಲಸದ ಬಗ್ಗೆ. ಹೊಲಕ್ಕೂ ಇದಕ್ಕೂ ಏನು ಸಂಬಂಧ ಅನ್ನೋರು ಸ್ವಲ್ಪ ತಾಳ್ಮೆಯಿಂದ ಓದಿ, ಮಧ್ಯದಲ್ಲಿ ಶುಂಠಿ ಪಟಕ್ಕೂ ಹೋಗಿ ಬರೋಣ.

ಮೊದಲು ಒಂದು ತಪ್ಪೊಪ್ಪಿಗೆ. ಈ ಮಳೆಗಾಲದಲ್ಲಿ ನಾನು ಇಲ್ಲೇ ಒಂದು ಪೋಸ್ಟ್ ಹಾಕಿದ್ದೆ. "ಹೆಡ್ ಕೆಲಸ ಮಾಡಿಸಿ ವಾರ ಆಗಿಲ್ಲ, ಗಾಡಿ ದಾರಿಯಲ್ಲಿ ಕೈ ಕೊಟ್ಟಿದೆ, ಇಂಥ ಮೆಕ್ಯಾನಿಕ್‌ಗಳ ಹತ್ರ ಹೋಗ್ಬೇಡಿ" ಅಂತ. ಹೆಸರು ಹಾಕಿರಲಿಲ್ಲ. ಆದರೆ ನಮ್ಮ ಕಡೆಯವರಿಗೆ ಹೆಸರು ಬೇಕಾಗಿರಲಿಲ್ಲ, ಯಾರ ಬಗ್ಗೆ ಅಂತ ಓದಿದ ಕೂಡಲೇ ಗೊತ್ತಾಗಿತ್ತು. ಈ ಪುಟದಲ್ಲಿ ನಾನು ಬರೆದ ಎಷ್ಟೋ ಬೆಳೆ ಟಿಪ್ಪಣಿಗಳಿಗಿಂತ ಆ ನಾಲ್ಕು ಸಾಲನ್ನೇ ಹೆಚ್ಚು ಜನ ಹಂಚಿಕೊಂಡರು. ಆ ಪೋಸ್ಟ್ ತಪ್ಪಾಗಿತ್ತು. ಅಳಿಸಿದ್ದೀನಿ. ಅಳಿಸಿದ್ದು ಸಾಲದು ಅಂತ ಈಗ ಪೂರ್ತಿ ಬರೀತಿದ್ದೀನಿ.

ನನ್ನದು ಹಳೇ ಸ್ಪ್ಲೆಂಡರ್. ಹಾಲಿನ ಕ್ಯಾನು, ಗೊಬ್ಬರದ ಚೀಲ, ಸ್ಪ್ರೇಯರ್, ಎಲ್ಲಾ ಹೊತ್ತ ಗಾಡಿ. ಒಂದು ವರ್ಷದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರ್ತಿತ್ತು, ಐದು ನಿಮಿಷಕ್ಕೆ ನಿಲ್ತಿತ್ತು. ಮೆಕ್ಯಾನಿಕ್ ಹುಡುಗ ನೋಡಿ, "ಅಣ್ಣಾ, ವಾಲ್ವ್ ಸೀಲ್ ಹೋಗಿದೆ, ಗೈಡೂ ಸವೆದಿರ್ಬೇಕು. ಹೆಡ್ ಇಳಿಸೋಣ" ಅಂದ. ಇಳಿಸಿ ನೋಡಿದಾಗ ವಾಲ್ವ್, ಗೈಡ್, ಸೀಲ್, ಎರಡು ರಾಕರ್, ಟೈಮಿಂಗ್ ಚೈನ್ ಎಲ್ಲಾ ಬದಲಿಸೋ ಹಾಗಿತ್ತು. ಕಂಪನಿ ಪಾರ್ಟ್ ತರ್ತೀನಿ ಅಂದ. ನಾನು ಬೇಡ, ನಾನೇ ತಂದುಕೊಡ್ತೀನಿ ಅಂದೆ. ಬೇರೆ ಊರಿನ ಒಂದು ಅಂಗಡಿಯಲ್ಲಿ ಕಂಪನಿಯದಲ್ಲದ ಸೆಟ್ ತಂದು 800 ರೂಪಾಯಿ ಉಳಿಸಿದೆ. ಹುಡುಗ ರಾಕರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ, "ಇದು ಎಷ್ಟು ದಿನ ಬರುತ್ತೋ ಹೇಳಕ್ಕಾಗಲ್ಲ ಅಣ್ಣಾ" ಅಂದ. "ಹಾಕಪ್ಪಾ, ನಡೀತದೆ" ಅಂದೆ. ಗಾಡಿ ಕೊಡುವಾಗ ಇನ್ನೊಂದು ಮಾತು ಹೇಳಿದ: "ಸ್ವಲ್ಪ ಟಿಕ್ ಟಿಕ್ ಸದ್ದು ಇರ್ತದೆ, ತಲೆ ಕೆಡಿಸ್ಕೋಬೇಡಿ. ಐನೂರು ಕಿಲೋಮೀಟರ್ ಆದ್ಮೇಲೆ ತನ್ನಿ, ತಣ್ಣಗಿರುವಾಗ ಮತ್ತೊಂದ್ಸಲ ನೋಡ್ತೀನಿ."

ಎರಡೂ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಮನೆಗೆ ಬಂದವರೊಬ್ಬರು "ಏನ್ ಮಾರಾಯ, ಇಷ್ಟು ದುಡ್ಡು ಹಾಕಿ ಟ್ಯಾಪೆಟ್ ಸದ್ದು ಹಂಗೇ ಇದ್ಯಲ್ಲ" ಅಂದರು. ನನಗೆ ಸ್ವಾಭಿಮಾನ ಕೆರಳಿತು. ಪೇಟೆಗೆ ಹೋಗಿ ಬಂದ ಬಿಸಿ ಎಂಜಿನ್ ಮೇಲೇ ಎರಡು ಟ್ಯಾಪೆಟ್ ಮುಚ್ಚಳ ಬಿಚ್ಚಿ, ಕಟಿಂಗ್ ಪ್ಲೇಯರ್‌ನಲ್ಲಿ ನಟ್ ಸಡಿಲ ಮಾಡಿ, ಸದ್ದು ನಿಲ್ಲೋ ತನಕ ಸ್ಕ್ರೂ ಬಿಗಿ ಮಾಡಿದೆ. ಸದ್ದು ನಿಂತಿತು. ಗಾಡಿ ಹೊಲಿಗೆ ಮಿಷನ್ನಿನ ಹಾಗೆ ಮೆತ್ತಗೆ ಓಡಿತು. ನಮಗೇನು ಗೊತ್ತಿಲ್ವಾ ಅಂತ ಖುಷಿಪಟ್ಟೆ.

ಮೂರನೇ ದಿನ ಸೊರಬ ತಾಲ್ಲೂಕಿನಲ್ಲಿ ನಾನು ಗೇಣಿಗೆ ಹಿಡಿದಿರೋ ಶುಂಠಿ ಜಮೀನಿಗೆ ಹೊರಟಿದ್ದೆ. ರಾತ್ರಿಯೆಲ್ಲ ಮಳೆ ಹೊಡೆದಿತ್ತು, ಬಸಿಗಾಲುವೆ ಬಿಡಿಸಬೇಕಿತ್ತು. ಆರು ಜನ ಆಳು ಅಲ್ಲಿ ನಿಂತಿದ್ದರು, ಗುದ್ದಲಿ ಸಲಕೆ ನನ್ನ ಗಾಡಿಯಲ್ಲಿತ್ತು. ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಳೆತ ಕಡಿಮೆ ಆಯಿತು, ಸೈಲೆನ್ಸರ್‌ನಲ್ಲಿ ಪಟ್ ಪಟ್ ಅಂತು, ನಿಂತೇಬಿಟ್ಟಿತು. ಕಿಕ್ ಹೊಡೆದರೆ ಕಾಲಿಗೆ ಏನೂ ಸಿಗ್ತಿಲ್ಲ, ಗಾಳಿಯಲ್ಲಿ ಒದ್ದ ಹಾಗೆ. ಮುಕ್ಕಾಲು ಗಂಟೆ ಬಿಟ್ಟು ಹೊಡೆದರೆ ಸ್ಟಾರ್ಟ್ ಆಯಿತು. ಎರಡು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಜಮೀನು ಮುಟ್ಟುವಾಗ ಮಧ್ಯಾಹ್ನ. ತಗ್ಗಿನ ಕಡೆಯ ಪಟಗಳಲ್ಲಿ ನೀರು ನಿಂತಿತ್ತು, ಆಳುಗಳಲ್ಲಿ ಮೂವರು ವಾಪಸ್ ಹೋಗಿದ್ದರು. ಸಿಟ್ಟು ನೆತ್ತಿಗೇರಿತ್ತು. ಅಲ್ಲೇ ಬದುವಿನ ಮೇಲೆ ಕೂತು ಆ ಪೋಸ್ಟ್ ಹಾಕಿದ್ದು.

ಆ ಸಂಜೆ ಸೊರಬದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಗಾಡಿ ತಳ್ಳಿಕೊಂಡು ಹೋದೆ. ಯೆಜ್ಡಿ ಕಾಲದಿಂದ ಕೆಲಸ ಮಾಡ್ತಿರೋರು. ಅವರು ಪಾನಾ ಮುಟ್ಟೋಕೆ ಮೊದಲು ಕೇಳಿದ್ದು ಒಂದೇ: "ಯಜಮಾನ್ರೇ, ಕಡೇದಾಗಿ ಯಾರು ಕೈ ಹಾಕಿದ್ದು, ಎಲ್ಲಿ ಕೈ ಹಾಕಿದ್ದು?"

"ಶಿಕಾರಿಪುರದ ಕಡೆ ಒಬ್ಬ ಹುಡುಗ, ಹೆಡ್ಡು" ಅಂದೆ. ನಾನು ಕೈ ಹಾಕಿದ್ದನ್ನು ಹೇಳಲಿಲ್ಲ.

ಅವರು ಕೈಯಲ್ಲೇ ಕಿಕ್ ಒತ್ತಿ ನೋಡಿದರು. ಎಂಜಿನ್ ಇನ್ನೂ ಬಿಸಿಯಿತ್ತು, ಕಂಪ್ರೆಶನ್ ಇಲ್ಲ. "ಬೆಳಿಗ್ಗೆ ಬನ್ನಿ, ತಣ್ಣಗಾಗಲಿ" ಅಂದರು. ಬೆಳಿಗ್ಗೆ ಮುಚ್ಚಳ ಬಿಚ್ಚಿ, ಮ್ಯಾಗ್ನೆಟ್ಟಿನ ಟಿ ಗುರುತು ಸರಿಗೆ ತಂದು, ಫಿಲ್ಲರ್ ಗೇಜ್ ಹಾಕಿದರು. ಅತಿ ತೆಳ್ಳಗಿನ ಎಲೆಯೂ ಒಳಗೆ ಹೋಗಲಿಲ್ಲ. ಆಮೇಲೆ ಟಾರ್ಚ್ ಬಿಟ್ಟು ನಟ್ ನೋಡಿದರು. ಪ್ಲೇಯರ್ ಹಲ್ಲಿನ ಗುರುತು ಹೊಸದಾಗಿ ಹೊಳೀತಿತ್ತು. ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ, ನಗಲೂ ಇಲ್ಲ. ನಾನೇ ಬಾಯಿಬಿಟ್ಟೆ.

ಇಲ್ಲಿ ಸ್ವಲ್ಪ ವಿವರ ಬೇಕು. ವಾಲ್ವ್ ಅಂದ್ರೆ ಏನು, ಆ ಗ್ಯಾಪ್ ಯಾಕೆ ಅನ್ನೋದು ಗೊತ್ತಿದ್ದರೆ ನಾನು ಆ ಸ್ಕ್ರೂ ಮುಟ್ಟುತ್ತಿರಲಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ವಾಲ್ವ್: ಒಂದು ಪೆಟ್ರೋಲ್ ಗಾಳಿ ಒಳಗೆ ಬಿಡೋದು, ಇನ್ನೊಂದು ಹೊಗೆ ಹೊರಗೆ ಬಿಡೋದು. ಎಂಜಿನ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು, ಪ್ರತಿ ವಾಲ್ವ್ ಒಂದು ಸಲ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 5,000 ಸುತ್ತಿನಲ್ಲಿ ಎಂಜಿನ್ ಓಡ್ತಿದ್ದರೆ ಒಂದು ಸೆಕೆಂಡಿಗೆ ಸುಮಾರು 40 ಸಲ. ಹೊಗೆ ವಾಲ್ವ್ ಬೆಂಕಿಯೊಳಗೇ ಇರೋದು. ಅದರ ಶಾಖ ಹೆಚ್ಚಿನ ಪಾಲು ಹೊರಗೆ ಹೋಗೋದು ಸೀಟಿನ ಮೇಲೆ ಗಟ್ಟಿಯಾಗಿ ಕೂತ ಆ ಚೂರು ಹೊತ್ತಿನಲ್ಲಿ. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದ ಆಗ್ತದೆ. ಅದಕ್ಕೆ ಜಾಗ ಇರಲಿ ಅಂತಲೇ ರಾಕರಿಗೂ ವಾಲ್ವ್ ತುದಿಗೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಬಿಡೋದು. ನಮ್ಮ 100 ಸಿಸಿ ಗಾಡಿಗಳಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆ ಅಳತೆ ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್‌ಗೆ ಮಾತ್ರ. ನಾನು ಆ ಗ್ಯಾಪನ್ನೇ ಮುಚ್ಚಿಬಿಟ್ಟೆ. ಬಿಸಿಯಾದಾಗ ಕಡ್ಡಿ ಉದ್ದವಾಗಿ, ವಾಲ್ವ್ ಸೀಟಿನ ಮೇಲೆ ಕೂರಲೇ ಇಲ್ಲ. ಕಂಪ್ರೆಶನ್ ಅಲ್ಲೇ ಸೋರಿಹೋಯಿತು. ತಣ್ಣಗಾದಾಗ ಮತ್ತೆ ಕೂತಿತು, ಸ್ಟಾರ್ಟ್ ಆಯಿತು. ಇನ್ನೂ ಒಂದು ವಾರ ಹಾಗೇ ಓಡಿಸಿದ್ದರೆ ವಾಲ್ವಿನ ಅಂಚು ಸುಟ್ಟುಹೋಗಿ ಮತ್ತೆ ಹೆಡ್ ಇಳಿಸಬೇಕಾಗ್ತಿತ್ತು.

ಅಂದರೆ ಆ ಹುಡುಗ ಬಿಟ್ಟಿದ್ದ ಟಿಕ್ ಟಿಕ್ ಸದ್ದು ರೋಗ ಅಲ್ಲ. ಗ್ಯಾಪ್ ಇದೆ ಅನ್ನೋದಕ್ಕೆ ಸಾಕ್ಷಿ. ಅಲ್ಲದೆ ಹೊಸ ವಾಲ್ವ್ ಹೊಸ ಸೀಟಿಗೆ ಒಗ್ಗಿಕೊಂಡು ಕೂರುವಾಗ ಇದ್ದ ಗ್ಯಾಪೂ ಸ್ವಲ್ಪ ಕಡಿಮೆ ಆಗ್ತದೆ. ಅದಕ್ಕೇ ಅವನು ಐನೂರು ಕಿಲೋಮೀಟರಿಗೆ ಮತ್ತೆ ತನ್ನಿ ಅಂದಿದ್ದು.

ಮೇಸ್ತ್ರಿ ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಉಳಿದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಮಾಡಿದ ಜಾವಾ, ಯೆಜ್ಡಿಗಳೆಲ್ಲ ಟೂ ಸ್ಟ್ರೋಕ್. ಅದರಲ್ಲಿ ವಾಲ್ವೇ ಇಲ್ಲ, ಕ್ಯಾಮೂ ಇಲ್ಲ. ಬೋರಿನಲ್ಲಿರೋ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ರಾಜದೂತ್ ಕೂಡ ಹಾಗೇ. "ಆಗ ಪ್ಲಗ್, ಪಾಯಿಂಟ್, ಕಾರ್ಬೊರೇಟರ್ ನೋಡಿದ್ರೆ ಮುಕ್ಕಾಲು ರೋಗ ಸಿಕ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತಲ್ಲ, ಅವಾಗ ನಾವೂ ಟ್ಯಾಪೆಟ್ ಬಿಗಿ ಮಾಡಿ ವಾಲ್ವ್ ಸುಟ್ಟಿದೀವಿ. ಸದ್ದು ನಿಲ್ಲಿಸಿದ್ರೆ ಗಿರಾಕಿ ಖುಷಿಯಾಗ್ತಿದ್ರು" ಅಂದರು. ಕಿವಿಗೆ ಹಿತ ಆಗೋದೇ ಎಂಜಿನ್‌ಗೂ ಹಿತ ಅನ್ನೋ ತಪ್ಪು ಕಲ್ಪನೆ ಅವತ್ತಿಂದ ಇವತ್ತಿನ ತನಕ ಹೋಗಿಲ್ಲ. ಮೆಕ್ಯಾನಿಕ್‌ಗಳಿಗಿಂತ ಹೆಚ್ಚಾಗಿ ನಮ್ಮಂಥ ಗಿರಾಕಿಗಳಲ್ಲೇ ಅದು ಉಳಿದಿದೆ.

ಮೇಸ್ತ್ರಿ ಗ್ಯಾಪ್ ಸರಿ ಮಾಡಿದರು. ಗಾಡಿ ಬಿಸಿಯಲ್ಲೂ ತಣ್ಣಗೂ ಸ್ಟಾರ್ಟ್ ಆಯಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಐಡ್ಲಿಂಗ್ ಒಂದೇ ಸಮ ಇರಲಿಲ್ಲ, ತಾನಾಗೇ ಏರ್ತಿತ್ತು, ಇಳೀತಿತ್ತು. ಅವರು ಕಾರ್ಬೊರೇಟರ್ ಮತ್ತು ಹೆಡ್ ಸೇರುವ ಜಾಗಕ್ಕೆ ಸಿರಿಂಜಿನಲ್ಲಿ ಒಂದಿಷ್ಟು ನೀರು ಬಿಟ್ಟರು, ಕೂಡಲೇ ಎಂಜಿನ್ ಸದ್ದು ತಡವರಿಸಿತು. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗ್ತಿತ್ತು. ಬಿಚ್ಚಿದರೆ ರಬ್ಬರ್ ರಿಂಗ್ ಒಂದು ಕಡೆ ಮಡಚಿ ಕೂತಿತ್ತು. ಇದು ಹೆಡ್ ಕೂರಿಸುವಾಗ ಆದದ್ದು, ಅಂದರೆ ಆ ಹುಡುಗನ ಕೈಯಿಂದ. ಹತ್ತಿಪ್ಪತ್ತು ರೂಪಾಯಿಯ ರಿಂಗು.

ಮೂರನೆಯದು ತಿಂಗಳಾದ ಮೇಲೆ ಬಂತು. ಈ ಸಲ ಸದ್ದು ಟಿಕ್ ಟಿಕ್ ಅಲ್ಲ, ಟಕ್ ಟಕ್. ದಿನದಿಂದ ದಿನಕ್ಕೆ ಜಾಸ್ತಿ. ಈ ಸಲ ನಾನು ಪ್ಲೇಯರ್ ಮುಟ್ಟಲಿಲ್ಲ. ರಾಕರ್ ತೆಗೆದು ನೋಡಿದರೆ ಕ್ಯಾಮಿನ ಮೇಲೆ ಉಜ್ಜೋ ಮುಖ ಹುಳ ತಿಂದ ಹಾಗೆ ಗುಳಿ ಬಿದ್ದಿತ್ತು. ನಾನು 800 ರೂಪಾಯಿ ಉಳಿಸಿ ತಂದ ರಾಕರ್ ಅದು. ಅದರ ಜೊತೆ ಕ್ಯಾಮಿಗೂ ಗೀರು ಬಿದ್ದಿತ್ತು, ಎರಡನ್ನೂ ಬದಲಿಸಬೇಕಾಯಿತು. ಉಳಿಸಿದ್ದಕ್ಕಿಂತ ಹೆಚ್ಚು ಹೋಯಿತು.

ಈಗ ಲೆಕ್ಕ ಹಾಕಿ. ಒಂದೇ ಎಂಜಿನ್, ಮೂರು ದೋಷ. ದೊಡ್ಡದು ನನ್ನದು, ಸಣ್ಣದು ಹುಡುಗನದು, ಮೂರನೆಯದು ಪಾರ್ಟಿನದು, ಅಂದರೆ ಅದನ್ನು ಆರಿಸಿದ ನನ್ನದೇ. ಮೂರಕ್ಕೂ ಲಕ್ಷಣ ಬೇರೆ ಬೇರೆ. ಬಿಸಿಯಲ್ಲಿ ಕಂಪ್ರೆಶನ್ ಹೋಗೋದು ಒಂದು, ಐಡ್ಲಿಂಗ್ ಏರಿಳಿತ ಒಂದು, ಏರ್ತಾ ಹೋಗೋ ಸದ್ದು ಒಂದು. ನಾನು ಮೂರನ್ನೂ "ಹೆಡ್ ಕೆಲಸ ಕೆಟ್ಟಿದೆ" ಅಂತ ಒಂದೇ ಚೀಲಕ್ಕೆ ತುಂಬಿ, ಒಬ್ಬನ ತಲೆಗೆ ಕಟ್ಟಿದ್ದೆ.

ನನ್ನ ಅಭಿಪ್ರಾಯ ಇಷ್ಟು. ದೋಷ ಹುಡುಕೋದು ಬೇರೆ, ದೋಷಿ ಹುಡುಕೋದು ಬೇರೆ. ನಾವು ಎರಡನೆಯದನ್ನು ಮೊದಲು ಮಾಡ್ತೀವಿ, ಆಮೇಲೆ ಮೊದಲನೆಯದು ಆಗೋದೇ ಇಲ್ಲ.

ಶುಂಠಿಯಲ್ಲೂ ಇದನ್ನೇ ಮಾಡ್ತಿದ್ದೀವಿ. ಗಿಡ ಹಳದಿ ತಿರುಗಿತು ಅಂದ ಕೂಡಲೇ ಅಂಗಡಿಗೆ ಓಡ್ತೀವಿ, ಮೂರು ಔಷಧ ಒಂದೇ ಡ್ರಮ್ಮಿಗೆ ಸುರಿದು ಬುಡಕ್ಕೆ ಹಾಕ್ತೀವಿ. ವಾಸಿಯಾದರೆ ಯಾವುದರಿಂದ ಅಂತ ಗೊತ್ತಾಗಲ್ಲ, ಆಗದಿದ್ದರೆ ಬೀಜ ಕೊಟ್ಟವನನ್ನು ಬೈತೀವಿ. ಗೆಡ್ಡೆ ಕೊಳೆಯೂ ದುಂಡಾಣು ಸೊರಗು ರೋಗವೂ ದೂರದಿಂದ ಒಂದೇ ಥರ ಕಾಣ್ತದೆ. ಆದರೆ ಕೊಳೆಗೆ ಹಾಕೋ ಶಿಲೀಂಧ್ರನಾಶಕ ದುಂಡಾಣುವಿಗೆ ಏನೂ ಮಾಡಲ್ಲ. ಪರೀಕ್ಷೆ ಕಷ್ಟ ಏನಿಲ್ಲ: ರೋಗದ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು, ಗಾಜಿನ ಲೋಟದ ತಿಳಿ ನೀರಿನಲ್ಲಿ ಕೊಯ್ದ ತುದಿ ಮುಳುಗೋ ಹಾಗೆ ಹಿಡೀರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ನೀರಿಗೆ ಇಳಿದರೆ ದುಂಡಾಣು. ಲೋಟ, ನೀರು, ಐದು ನಿಮಿಷ. ಖರ್ಚಿಲ್ಲ. ಆದರೂ ಮಾಡಲ್ಲ. ಯಾಕಂದ್ರೆ ಔಷಧ ಹಾಕಿದರೆ ಏನೋ ಮಾಡಿದ ಸಮಾಧಾನ ಸಿಗ್ತದೆ, ನೋಡ್ತಾ ಕೂತರೆ ಸುಮ್ಮನೆ ಕೂತ ಹಾಗೆ ಅನ್ನಿಸ್ತದೆ. ಬೈಕಿನಲ್ಲೂ ಅದೇ: ಪಾರ್ಟ್ ಬದಲಿಸಿದರೆ ಕೆಲಸ, ಅಳತೆ ಮಾಡಿದರೆ ಕಾಲಹರಣ!

ಹೆಡ್ ಕೆಲಸ ಆದಮೇಲೆ ಗಾಡಿ ತೊಂದರೆ ಕೊಟ್ಟರೆ ಏನು ನೋಡಬೇಕು ಅನ್ನೋದನ್ನು ಮೇಸ್ತ್ರಿ ಹೇಳಿದ ಕ್ರಮದಲ್ಲೇ ಬರೀತೀನಿ. ಸುಲಭದ್ದು ಮೊದಲು, ಬಿಚ್ಚೋದು ಕಡೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ ಮೇಲೆ ಓಡಿಸಿ ನೋಡಿ, ಆಮೇಲೆ ಮುಂದಿನದು.

1. ಸ್ಟಾರ್ಟೇ ಆಗ್ತಿಲ್ಲ ಅಂದ್ರೆ ಹೆಡ್ ಇಳಿಸೋಕೆ ಏನೇನು ಬಿಚ್ಚಿದ್ದರೋ ಅದನ್ನು ಮೊದಲು ನೋಡಿ. ಪೆಟ್ರೋಲ್ ಪೈಪು, ಪ್ಲಗ್ ಕ್ಯಾಪು, ಬಿಟ್ಟುಹೋದ ವೈರು. ಪ್ಲಗ್ ತೆಗೆದು ಕಿಡಿ ನೋಡುವಾಗ ಪ್ಲಗ್ ತೂತಿನ ಹತ್ತಿರ ಹಿಡೀಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರ್ತದೆ.

2. ಕಿಕ್ಕನ್ನು ಕೈಯಲ್ಲಿ ನಿಧಾನ ಒತ್ತಿ. ಒಂದು ಕಡೆ ಗಟ್ಟಿ ತಡೆ ಸಿಗಬೇಕು. ತಣ್ಣಗಿರುವಾಗ ಸಿಕ್ಕಿ ಬಿಸಿಯಾದಾಗ ಸಿಗದಿದ್ದರೆ ಮೊದಲ ಅನುಮಾನ ಟ್ಯಾಪೆಟ್ ಬಿಗಿ ಆಗಿರೋದರ ಮೇಲೆ. ಎರಡೂ ಹೊತ್ತು ಇಲ್ಲದಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ತಡೆ ಹೆಚ್ಚಾದರೆ ಸೋರಿಕೆ ಪಿಸ್ಟನ್ ರಿಂಗಿನಲ್ಲಿ. ಹೆಚ್ಚಾಗದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

3. ಟ್ಯಾಪೆಟ್ ಗ್ಯಾಪ್. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮ್ಯಾಗ್ನೆಟ್ಟಿನ ಟಿ ಗುರುತು ಕೇಸಿನ ಗುರುತಿಗೆ ಬಂದಾಗ ಎರಡೂ ರಾಕರ್ ಸಣ್ಣಗೆ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಯಾಕಂದ್ರೆ ಆ ಗುರುತು ಎರಡು ಸಲ ಬರ್ತದೆ, ಕಂಪ್ರೆಶನ್ನಿನಲ್ಲಿ ಒಂದೇ ಸಲ. ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಇರ್ತದೆ, ಪಕ್ಕದ ಮನೆಯವರ ಗಾಡಿಯದಲ್ಲ. ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗಿಬಿಡ್ತದೆ, ಬಿಗಿ ಮಾಡಿದ ಮೇಲೆ ಗೇಜ್ ಇನ್ನೊಂದು ಸಲ ಹಾಕಿ ನೋಡಿ. ಸದ್ದು ಕೇಳಿ ಅಳತೆ ಮಾಡೋದು ನನ್ನ ಥರದವರ ಕೆಲಸ.

4. ಗ್ಯಾಪ್ ಸರಿಯಿದ್ದೂ ಎಳೆತ ಇಲ್ಲ, ಕಿಕ್ ವಾಪಸ್ ಒದೀತಿದೆ, ಕಾರ್ಬೊರೇಟರ್ ಕಡೆ ಉಗುಳ್ತಿದೆ ಅಂದ್ರೆ ಟೈಮಿಂಗ್. ಟಿ ಗುರುತು ಸರಿಯಿದ್ದಾಗ ಮೇಲಿನ ಕ್ಯಾಮ್ ಚಕ್ರದ ಗುರುತೂ ಹೆಡ್ಡಿನ ಗುರುತಿಗೆ ಸರಿಯಾಗಿ ಬರಬೇಕು. ಚೈನ್ ಒಂದು ಹಲ್ಲು ಜಾರಿದರೂ ಸಾಕು. ಚೈನ್ ಹಾಕಿದ ಮೇಲೆ ಕಿಕ್ ಹೊಡೆಯೋಕೆ ಮೊದಲು ಎಂಜಿನ್ ಅನ್ನು ಕೈಯಲ್ಲೇ ಎರಡು ಸುತ್ತು ನಿಧಾನ ತಿರುಗಿಸಿ, ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ ನಿಂತರೆ ಬಲ ಹಾಕಬೇಡಿ. ಹೊಸ ವಾಲ್ವ್ ಬಗ್ಗೋದು ಆ ಒಂದು ಒದೆತಕ್ಕೆ.

5. ಐಡ್ಲಿಂಗ್ ಏರಿಳಿತ ಇದ್ದರೆ ಕಾರ್ಬೊರೇಟರ್ ಕೂರೋ ಜಾಗದಲ್ಲಿ ಕಳ್ಳಗಾಳಿ. ನೀರು ಹಾಕಿ ನೋಡಿ. ಕೆಲವರು ಪೆಟ್ರೋಲ್ ಎರಚಿ ನೋಡ್ತಾರೆ. ಬಿಸಿ ಎಂಜಿನ್ ಮೇಲೆ ಆ ಸಾಹಸ ಬೇಡ.

6. ಆಯಿಲ್ ಮೇಲೆ ಬರ್ತಿದೆಯಾ? ಗ್ಯಾಸ್ಕೆಟ್ಟಿಗೆ ಪೇಸ್ಟ್ ಜಾಸ್ತಿ ಹಚ್ಚಿದರೆ ಅದು ಹಿಂಡಿ ಬಂದು ಆಯಿಲ್ ದಾರಿಯನ್ನೇ ಮುಚ್ಚಬಹುದು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಟ್ಯಾಪೆಟ್ ಮುಚ್ಚಳ ತೆಗೆದರೆ ಒಳಗೆ ಒದ್ದೆ ಹೊಳೀಬೇಕು. ಒಣಗಿದ್ದರೆ ಮುಂದಕ್ಕೆ ಓಡಿಸಬೇಡಿ, ಕ್ಯಾಮ್ ರಾಕರ್ ಎರಡೂ ಹೋಗ್ತವೆ.

7. ಹೊಗೆ. ಹೆಡ್ ಕೆಲಸ ಆದ ಮೊದಲ ದಿನ ಸೈಲೆನ್ಸರಿನಲ್ಲಿ ಉಳಿದ ಆಯಿಲ್ ಸುಟ್ಟು ಹೊಗೆ ಬರೋದು ಸಹಜ. ರಾತ್ರಿ ನಿಂತು ಬೆಳಿಗ್ಗೆ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಎಳೆಯುವಾಗೆಲ್ಲ ಬಂದರೆ ರಿಂಗು, ಬೋರು. ಮಳೆಗಾಲದ ಬೆಳಿಗ್ಗೆ ಬಂದು ಮಾಯವಾಗೋ ಬಿಳಿ ಹೊಗೆ ಬರೀ ನೀರಾವಿ, ಅದಕ್ಕೆ ದುಡ್ಡು ಖರ್ಚು ಮಾಡಬೇಡಿ.

8. ಇಷ್ಟೂ ಆದಮೇಲೆ ಹೆಡ್ ಇಳಿಸಬೇಕೇ ಅಂತ ಬಂದರೆ, ಇಳಿಸಿದ ಹೆಡ್ಡಿನಲ್ಲಿ ವಾಲ್ವ್ ಕೂರಿಸಿ ಕಿಂಡಿಗೆ ಪೆಟ್ರೋಲ್ ಸುರಿದು ಇಡಿ. ವಾಲ್ವಿನ ಅಂಚಿನಲ್ಲಿ ಜಿನುಗಿದರೆ ಗ್ರೈಂಡಿಂಗ್ ಸರಿಯಾಗಿಲ್ಲ. ಹೊಸ ವಾಲ್ವ್ ಹಾಕಿದರೂ ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜದೆ ಹಾಕಿದರೆ ಹೀಗಾಗ್ತದೆ. ಉಜ್ಜಿದ ಮೇಲೆ ಆ ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ತೊಳೀಬೇಕು.

ಈ ಎಂಟರಲ್ಲಿ ಆರು ಏಳಕ್ಕೆ ಹೊಸ ಪಾರ್ಟ್ ಬೇಕಿಲ್ಲ ಅನ್ನೋದನ್ನು ಗಮನಿಸಿ. ಕಣ್ಣು, ಕೈ, ಒಂದು ಫಿಲ್ಲರ್ ಗೇಜ್.

ಕೆಲವರು ಹೇಳಬಹುದು, ಈಗಿನದೆಲ್ಲ ಬಿಎಸ್ 6 ಗಾಡಿ, 2020ರ ಏಪ್ರಿಲ್ ಆದಮೇಲೆ ಕಾರ್ಬೊರೇಟರ್ರೇ ಹೋಯ್ತು, ಎಲ್ಲಾ ಸೆನ್ಸರ್, ಸ್ಕ್ಯಾನರ್ ಹಾಕಿ ನೋಡ್ತಾರೆ ಅಂತ. ಹೌದು. ಆದರೆ ಸ್ಕ್ಯಾನರ್ ಟ್ಯಾಪೆಟ್ ಗ್ಯಾಪ್ ಅಳೆಯಲ್ಲ. ವಾಲ್ವ್ ಅದೇ, ಶಾಖ ಅದೇ, ಕೂದಲೆಳೆ ಜಾಗವೂ ಅದೇ. ಇನ್ನು ಕೆಲವರು ಯಾವ ತೊಂದರೆ ಬಂದರೂ ಎಥನಾಲ್ ಪೆಟ್ರೋಲ್ ಮೇಲೆ ಗೂಬೆ ಕೂರಿಸ್ತಾರೆ. ಅದರ ಬಗ್ಗೆ ವಾದ ಬೇರೆ ಇದೆ, ಮಾಡೋಣ. ಆದರೆ ನಿನ್ನೆ ಹೆಡ್ ಬಿಚ್ಚಿ ಇವತ್ತು ಗಾಡಿ ನಿಂತರೆ, ಮೊದಲು ನಿನ್ನೆ ಬಿಚ್ಚಿದ್ದನ್ನು ನೋಡಬೇಕೋ ಪೆಟ್ರೋಲ್ ಬಂಕನ್ನೋ?

ಮೆಕ್ಯಾನಿಕ್‌ಗಳಿಗೂ ಒಂದು ಮಾತಿದೆ, ಪೂರ್ತಿ ಅವರ ಪರವಾಗಿ ಬರೀತಿಲ್ಲ. ಏನು ಬದಲಿಸಿದಿರಿ, ಗ್ಯಾಪ್ ಎಷ್ಟಿಟ್ಟಿರಿ, ಎಷ್ಟು ಕಿಲೋಮೀಟರಿಗೆ ಮತ್ತೆ ತರಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ತೆಗೆದ ಹಳೇ ಪಾರ್ಟನ್ನು ಗಿರಾಕಿ ಕೈಗೆ ಕೊಡಿ. ಗಿರಾಕಿ ತಂದ ಪಾರ್ಟ್ ಸರಿ ಕಾಣದಿದ್ದರೆ "ಹೇಳಕ್ಕಾಗಲ್ಲ" ಅಂತ ಮೆಲ್ಲಗೆ ಅನ್ನಬೇಡಿ, "ಹಾಕಲ್ಲ" ಅನ್ನಿ. ನಾನು ಸಿಟ್ಟು ಮಾಡಿಕೊಂಡು ಹೋಗ್ತಿದ್ದೆ, ನಿಜ. ಆದರೆ ಕ್ಯಾಮ್ ಉಳೀತಿತ್ತು.

ಗಿರಾಕಿಗಳಿಗೆ ಒಂದೇ ಮಾತು. ಡಾಕ್ಟರ್ ಹತ್ರ, ಕೃಷಿ ಅಧಿಕಾರಿ ಹತ್ರ, ಮೆಕ್ಯಾನಿಕ್ ಹತ್ರ ನಾವೇನು ಮಾಡಿದ್ವಿ ಅನ್ನೋದನ್ನು ಮುಚ್ಚಿಡಬೇಡಿ. ಸೊರಬದ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆಗೆ ನಾನು ನಿಜ ಹೇಳಿದ್ದರೆ ಒಂದು ರಾತ್ರಿ ಉಳೀತಿತ್ತು.

ರಾಕರ್ ಸವೆದಾಗ ಗಾಡಿಯನ್ನು ತಗೊಂಡು ಹೋಗಿದ್ದು ಆ ಹುಡುಗನ ಹತ್ತಿರವೇ. ಬಾಗಿಲಲ್ಲಿ ನನ್ನನ್ನು ನೋಡಿ ಎದ್ದು ನಿಂತ. ಬೈಯಲಿಲ್ಲ. "ಬನ್ನಿ ಅಣ್ಣಾ" ಅಂದ. ಅವತ್ತು ಅಂಗಡಿ ಮುಂದೆ ಎರಡೇ ಗಾಡಿ ಇತ್ತು, ಮಳೆಗಾಲದಲ್ಲಿ ಯಾವಾಗಲೂ ಸಾಲು ನಿಂತಿರೋ ಜಾಗ ಅದು. ಪ್ಲೇಯರ್, ಬಿಸಿ ಎಂಜಿನ್, ಪೋಸ್ಟು, ಎಲ್ಲಾ ಹೇಳಿದೆ. ರಬ್ಬರ್ ರಿಂಗಿನ ವಿಷಯಾನೂ ಹೇಳಿದೆ. "ಅದು ನನ್ನ ತಪ್ಪೇ, ಅವತ್ತು ಕತ್ತಲಾಗಿತ್ತು, ಲೈಟ್ ಹಿಡಿದು ನೋಡ್ಬೇಕಿತ್ತು" ಅಂದ. ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡ. ನನಗೆ ಎರಡು ತಿಂಗಳು ಬೇಕಾಯಿತು.

ಪೋಸ್ಟ್ ಅಳಿಸ್ತೀನಿ ಅಂದೆ. ಅವನು ರಾಕರ್ ಒರೆಸ್ತಾ, "ಅಳಿಸಿದ್ದು ಯಾರಿಗೂ ಕಾಣಲ್ಲ ಅಣ್ಣಾ, ಹಾಕಿದ್ದು ಎಲ್ಲಾ ನೋಡಿದಾರೆ" ಅಂದ.

ಅದಕ್ಕೇ ಇಷ್ಟುದ್ದ ಬರೆದೆ. ಅವತ್ತಿನ ನಾಲ್ಕು ಸಾಲನ್ನು ಹಂಚಿದವರು ಇದನ್ನೂ ಹಂಚಿ ಅಂತ ಕೇಳ್ತಿದ್ದೀನಿ. ಯಾರಾದರೂ ನನ್ನ ಮಾತು ಕೇಳಿ ಆ ಅಂಗಡಿ ಬಿಟ್ಟಿದ್ದರೆ, ನನ್ನ ಗಾಡಿ ಈಗಲೂ ಅಲ್ಲೇ ಕೆಲಸಕ್ಕೆ ಹೋಗ್ತಿದೆ ಅನ್ನೋದನ್ನು ತಿಳ್ಕೊಳ್ಳಿ. ಹೊಸ ಕ್ಯಾಮ್, ಕಂಪನಿ ರಾಕರ್ ಹಾಕಿ ಐನೂರು ಕಿಲೋಮೀಟರ್ ಆಯ್ತು. ನಾಳೆ ಬೆಳಿಗ್ಗೆ ತಣ್ಣಗಿರುವಾಗಲೇ ಗ್ಯಾಪ್ ನೋಡಬೇಕು ಅಂದಿದ್ದಾನೆ, ಅದಕ್ಕೆ ಇವತ್ತು ಸಂಜೆಯೇ ಗಾಡಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದಿದ್ದೀನಿ. ಟಿಕ್ ಟಿಕ್ ಸದ್ದು ಇದೆ. ಇರಲಿ.

ನೀರು ನಿಂತ ಪಟಗಳಲ್ಲಿ ಎರಡು ಪಟ ಹೋಯಿತು. ಲೋಟದ ಪರೀಕ್ಷೆ ಮಾಡಿದೆ, ಹಾಲಿನ ಎಳೆ ಬರಲಿಲ್ಲ, ಕೊಳೆಯೇ. ಅದರ ಬಗ್ಗೆ ಮುಂದಿನ ವಾರ ಬರೀತೀನಿ.